ಐಸ್‌ಕಾಸ್ಟ್‌ನಲ್ಲಿ ತಾಳಮದ್ದಳೆ ಪ್ರಸಾರ: ಕ್ಷಣಕಾಲ ನೆಟ್‌ವರ್ಕ್ ಹೋದರೂ ಕೇಳುಗರೆಲ್ಲರ ಸಂಪರ್ಕ ತಪ್ಪುತ್ತಿದೆ

ಅಘನಾಶಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ಸೀಮೆಯ ನಮ್ಮ ಊರಿನಲ್ಲಿ, ಮೇಳಗಳ ತಿರುಗಾಟ ನಿಂತಿರುವ ಮಳೆಗಾಲದ ತಿಂಗಳುಗಳಲ್ಲಿ ತಾಳಮದ್ದಳೆ ಕೂಟಗಳು ನಡೆಯುತ್ತವೆ. ಬೆಂಗಳೂರು, ಮುಂಬೈ ಮತ್ತು ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ನಮ್ಮವರೂ ಕೇಳಲೆಂದು ಈ ವರ್ಷದಿಂದ ಕೂಟದ ಧ್ವನಿಯನ್ನು ನೇರ ಪ್ರಸಾರ ಮಾಡುತ್ತಿದ್ದೇವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು. ಮೇಲಾಗಿ ನಮ್ಮಲ್ಲಿ ಸಿಗುವ ಅಪ್‌ಲೋಡ್ ವೇಗದಲ್ಲಿ ವಿಡಿಯೊ ತಡೆತಡೆದು ಹೋಗುತ್ತದೆ. ಆದ್ದರಿಂದ ಧ್ವನಿ ಮಾತ್ರ ಸಾಕೆಂದು ಸಂಘದವರು ತೀರ್ಮಾನಿಸಿದರು.

ವ್ಯವಸ್ಥೆ ಹೀಗಿದೆ. 1 ಜಿಬಿ ರ‍್ಯಾಮ್ ಇರುವ ಬಾಡಿಗೆಯ ಕ್ಲೌಡ್ ಸರ್ವರ್‌ನಲ್ಲಿ ಡೆಬಿಯನ್ 12 ಲಿನಕ್ಸ್ ಇದೆ. ಧ್ವನಿಯನ್ನು ಕೇಳುಗರಿಗೆ ಹಂಚುವ ತಂತ್ರಾಂಶವಾದ ಐಸ್‌ಕಾಸ್ಟ್ 2.4.4 ಅನ್ನು ಅದರದೇ ಭಂಡಾರದಿಂದ ಹಾಕಿಕೊಂಡಿದ್ದೇವೆ. ಕೂಟದ ಜಾಗದಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇದ್ದು, ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ಬರುವ ಧ್ವನಿಯನ್ನು ಅದರಲ್ಲಿರುವ ‘ಬಟ್’ ತಂತ್ರಾಂಶವು 128 ಕೆಬಿಪಿಎಸ್ ಸ್ಟೀರಿಯೊ ಎಂಪಿ3 ಆಗಿ ಸರ್ವರ್‌ಗೆ ಕಳುಹಿಸುತ್ತದೆ. ಇಂಟರ್ನೆಟ್‌ಗೆ ಪಕ್ಕದ ಮನೆಯ ಬ್ರಾಡ್‌ಬ್ಯಾಂಡ್ ಬಳಸುತ್ತೇವೆ. ಅದು ಕೈಕೊಟ್ಟಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸುತ್ತೇವೆ.

ತೊಂದರೆಗಳು ಮುಖ್ಯವಾಗಿ ಮೂರು. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು: ನಮ್ಮ ಕಡೆಯ ಇಂಟರ್ನೆಟ್ ಸ್ವಲ್ಪ ಹೊತ್ತು ಹೋಗಿ ಬಂದರೂ ಬಟ್ ಕೂಡಲೇ ಮರುಸಂಪರ್ಕ ಪಡೆಯುವುದಿಲ್ಲ, ಹಲವು ಬಾರಿ ನಿರಾಕರಣೆಗೊಂಡು ಆಮೇಲೆ ಸೇರಿಕೊಳ್ಳುತ್ತದೆ, ಅಷ್ಟರಲ್ಲಿ ಕೇಳುತ್ತಿದ್ದವರೆಲ್ಲರ ಪ್ಲೇಯರ್ ನಿಂತುಹೋಗಿ, ಅವರು ಮತ್ತೆ ತಾವಾಗಿಯೇ ಒತ್ತಿ ಆರಂಭಿಸಬೇಕಾಗುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಇದು ಬಹಳ ಕಷ್ಟ. ಎರಡನೆಯದು, ಲಿಂಕನ್ನು ವಿಎಲ್‌ಸಿಯಲ್ಲಿ ತೆರೆದರೆ ಧ್ವನಿ ಬರುತ್ತದೆ, ಆದರೆ ಅದನ್ನೇ ಸಂಘದ ಜಾಲತಾಣದ ಪುಟದಲ್ಲಿ ಅಳವಡಿಸಿದರೆ ಕ್ರೋಮ್‌ನಲ್ಲಿ ಸದ್ದೇ ಇಲ್ಲ. ಮೂರನೆಯದು, ಪ್ರಸಂಗ ರಂಗೇರಿದ ಹೊತ್ತಿಗೆ ಕೆಲವರು ತಮಗೆ ಸಂಪರ್ಕವೇ ಸಿಗುತ್ತಿಲ್ಲ ಎನ್ನುತ್ತಾರೆ, ಅದೇ ಹೊತ್ತಿನಲ್ಲಿ ಉಳಿದವರಿಗೆ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಸರ್ವರ್‌ನ ರ‍್ಯಾಮ್ ಹೆಚ್ಚಿಸಿದರೆ ಇವೆಲ್ಲ ಸರಿಹೋಗಬಹುದೇ, ಅಥವಾ ಬೇರೆ ತಂತ್ರಾಂಶಕ್ಕೆ ಹೋಗಬೇಕೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕುಮಾರಧಾರಾ

ರ‍್ಯಾಮ್ ಹೆಚ್ಚಿಸಬೇಡಿ, ತಂತ್ರಾಂಶವನ್ನೂ ಬದಲಾಯಿಸಬೇಡಿ. ಐಸ್‌ಕಾಸ್ಟ್ ಧ್ವನಿಯನ್ನು ಡಿಕೋಡ್ ಮಾಡುವುದೂ ಇಲ್ಲ, ಎನ್‌ಕೋಡ್ ಮಾಡುವುದೂ ಇಲ್ಲ. ಒಂದು ಮೂಲದಿಂದ ಬಂದ ಬೈಟ್‌ಗಳನ್ನು ಪ್ರತಿಯೊಬ್ಬ ಕೇಳುಗನಿಗೂ ನಕಲು ಮಾಡಿ ಕಳುಹಿಸುವುದಷ್ಟೇ ಅದರ ಕೆಲಸ. ನಿಮ್ಮಷ್ಟು ಕೇಳುಗರಿಗೆ 1 ಜಿಬಿ ಧಾರಾಳವಾಯಿತು. ಇಂಥ ಪ್ರಸಾರದಲ್ಲಿ ಮೊದಲು ಮುಗಿಯುವುದು ಬ್ಯಾಂಡ್‌ವಿಡ್ತ್, ಮೊದಲು ಮುರಿಯುವುದು ಕೂಟದ ಜಾಗದಿಂದ ಸರ್ವರ್‌ವರೆಗಿನ ದಾರಿ. ಆ ದಾರಿ ಮುರಿಯದಂತೆ ಹಳ್ಳಿಯಲ್ಲಿ ಯಾರಿಂದಲೂ ಮಾಡಲಾಗುವುದಿಲ್ಲ. ಆದ್ದರಿಂದ ಅದು ಮುರಿದೇ ಮುರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಮುರಿದಾಗ ಕೇಳುಗರ ಸಂಪರ್ಕ ಮಾತ್ರ ಉಳಿಯುವಂತೆ ವ್ಯವಸ್ಥೆ ಮಾಡಬೇಕು. ಕೇಳುಗನ ಪ್ಲೇಯರ್‌ಗೂ ಸರ್ವರ್‌ಗೂ ನಡುವಿನ ಸಂಪರ್ಕ ಜೀವಂತವಾಗಿದ್ದರೆ ಸ್ವಲ್ಪ ಹೊತ್ತು ಮೌನವಿದ್ದರೂ ಆತನೇನೂ ಮಾಡಬೇಕಾಗಿಲ್ಲ. ಸಂಪರ್ಕವೇ ಮುಚ್ಚಿದರೆ ಹೆಚ್ಚಿನ ಪ್ಲೇಯರ್‌ಗಳು ಪ್ರಸಾರ ಮುಗಿಯಿತೆಂದು ಭಾವಿಸಿ ನಿಂತುಬಿಡುತ್ತವೆ.

ನಿಮ್ಮ ಮೊದಲ ತೊಂದರೆಯ ಕಾರಣ ಬಹುತೇಕ ಹೀಗಿರಬೇಕು. ಇಂಟರ್ನೆಟ್ ಥಟ್ಟನೆ ಹೋದಾಗ ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ವಿದಾಯದ ಸಂಕೇತವೇನೂ ತಲುಪಿರುವುದಿಲ್ಲ, ಹಾಗಾಗಿ ಹಳೆಯ ಸಂಪರ್ಕ ಇನ್ನೂ ಇದೆಯೆಂದೇ ಐಸ್‌ಕಾಸ್ಟ್ ನಂಬಿರುತ್ತದೆ. ಸಂರಚನಾ ಕಡತದಲ್ಲಿರುವ ‘ಸೋರ್ಸ್-ಟೈಮ್‌ಔಟ್’ ಎಂಬ ಅವಧಿ ಕಳೆಯುವವರೆಗೂ, ಅಂದರೆ ನೀವು ಬದಲಾಯಿಸದಿದ್ದರೆ 10 ಸೆಕೆಂಡ್, ಅದು ಕಾಯುತ್ತದೆ. ಆ ನಡುವೆ ಬಟ್ ಹೊಸ ಸಂಪರ್ಕದಲ್ಲಿ ಅದೇ ಮೌಂಟ್‌ಗೆ (ಸರ್ವರ್‌ನಲ್ಲಿ ಒಂದು ಪ್ರಸಾರಕ್ಕೆಂದು ಇರುವ ವಿಳಾಸಕ್ಕೆ) ಬಂದರೆ, ಅಲ್ಲಿ ಈಗಾಗಲೇ ಒಂದು ಮೂಲವಿದೆ ಎಂದು 403 ಎಂಬ ನಿರಾಕರಣೆಯ ಉತ್ತರ ಕೊಟ್ಟು ಹಿಂದಕ್ಕೆ ಕಳುಹಿಸುತ್ತದೆ. ಅವಧಿ ಮುಗಿದ ಮೇಲೆ ಹಳೆಯ ಮೂಲವನ್ನು ಕಿತ್ತುಹಾಕುತ್ತದೆ, ಜೊತೆಗೆ ಆ ಮೌಂಟ್‌ನಲ್ಲಿದ್ದ ಕೇಳುಗರನ್ನೆಲ್ಲ ಹೊರಹಾಕುತ್ತದೆ, ಏಕೆಂದರೆ ಅವರನ್ನು ಎಲ್ಲಿಗೆ ಕಳುಹಿಸಬೇಕೆಂದು ನೀವು ಹೇಳಿಲ್ಲ.

ಇದನ್ನು ಊಹೆಯಾಗಿಯೇ ಬಿಡದೆ ಲಾಗ್ ಕಡತದಲ್ಲಿ ನೋಡಿ. ‘/ವಾರ್/ಲಾಗ್/ಐಸ್‌ಕಾಸ್ಟ್2’ ಕೋಶದಲ್ಲಿ ಎರಡು ಕಡತಗಳಿವೆ. ‘ಎರರ್.ಲಾಗ್’ನಲ್ಲಿ ‘ಮೌಂಟ್‌ಪಾಯಿಂಟ್ ಇನ್ ಯೂಸ್’ ಎಂಬ ಸಾಲುಗಳೂ, ಅವುಗಳ ಹತ್ತಿರದಲ್ಲೇ ಮೂಲವನ್ನು ಸಾಕೆಟ್ ಟೈಮ್‌ಔಟ್ ಕಾರಣದಿಂದ ಕಡಿಯಲಾಯಿತು ಎಂಬ ಸಾಲೂ ಇರಬೇಕು. ‘ಆಕ್ಸೆಸ್.ಲಾಗ್’ನಲ್ಲಿ ಪ್ರತಿ ಸಾಲಿನ ಕೊನೆಯ ಅಂಕಿಯು ಆ ಕೇಳುಗ ಎಷ್ಟು ಸೆಕೆಂಡ್ ಸಂಪರ್ಕದಲ್ಲಿದ್ದ ಎಂಬುದನ್ನು ಹೇಳುತ್ತದೆ; ಸಾಲು ಬರೆಯಲ್ಪಡುವುದು ಸಂಪರ್ಕ ಮುಗಿದಾಗ. ಒಂದೇ ಸೆಕೆಂಡಿನಲ್ಲಿ ಹತ್ತಾರು ಸಾಲುಗಳು ಒಟ್ಟಿಗೆ ಬಿದ್ದಿದ್ದರೆ ತಪ್ಪಿದ್ದು ನಿಮ್ಮ ಕಡೆಯ ಮೂಲ. ಅವು ಚದುರಿದ್ದರೆ ಕೇಳುಗರ ಕಡೆಯ ನೆಟ್‌ವರ್ಕ್. ಯಾರ ಕಡೆ ತೊಂದರೆ ಎಂಬ ಚರ್ಚೆ ಇಷ್ಟರಲ್ಲೇ ಮುಗಿಯುತ್ತದೆ.

ಪರಿಹಾರದ ಮೊದಲ ಹೆಜ್ಜೆ ‘ಫಾಲ್‌ಬ್ಯಾಕ್-ಮೌಂಟ್’. ‘ಐಸ್‌ಕಾಸ್ಟ್.ಎಕ್ಸ್‌ಎಂಎಲ್’ ಕಡತದಲ್ಲಿ ನಿಮ್ಮ ಮೌಂಟ್‌ಗೆಂದು ಒಂದು ವಿಭಾಗ ಬರೆದು, ಮೂಲ ಕಡಿದಾಗ ಕೇಳುಗರು ಹೋಗಬೇಕಾದ ಇನ್ನೊಂದು ಮೌಂಟ್‌ನ ಹೆಸರನ್ನು ಅಲ್ಲಿ ಕೊಡಿ. ಜೊತೆಗೆ ‘ಫಾಲ್‌ಬ್ಯಾಕ್-ಓವರ್‌ರೈಡ್’ ಅನ್ನು 1 ಮಾಡಿ. ಈ ಎರಡನೆಯದನ್ನು ಮರೆತರೆ ಮೂಲ ಹಿಂದಿರುಗಿದರೂ ಕೇಳುಗರು ಬದಲಿ ಮೌಂಟ್‌ನಲ್ಲೇ ಉಳಿಯುತ್ತಾರೆ. ಬದಲಿ ಮೌಂಟ್‌ನಲ್ಲಿ ‘ಸಂಪರ್ಕ ಕಡಿದಿದೆ, ದಯವಿಟ್ಟು ಹಾಗೆಯೇ ಇರಿ, ಕೂಟ ಮುಂದುವರಿಯುತ್ತದೆ’ ಎಂಬ ಮಾತನ್ನು ಸ್ವಲ್ಪ ಮದ್ದಳೆಯ ನುಡಿಸಾಣಿಕೆಯ ಜೊತೆ ಇಟ್ಟರೆ ಕೇಳುಗರಿಗೆ ಧೈರ್ಯ ಬರುತ್ತದೆ.

ತುಂಗಾತೀರ

ಜಾಲತಾಣದ ತೊಂದರೆಗೆ ನಾನು ಉತ್ತರಿಸುತ್ತೇನೆ. ನಿಮ್ಮ ಸಂಘದ ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು, ಪ್ರಸಾರದ ಲಿಂಕ್ ಬರಿಯ ಎಚ್‌ಟಿಟಿಪಿಯಲ್ಲಿ 8000ನೇ ಪೋರ್ಟ್‌ನಲ್ಲಿದೆ ಎಂದು ಊಹಿಸುತ್ತೇನೆ. 2020ರಿಂದೀಚೆಗೆ ಕ್ರೋಮ್ ಬ್ರೌಸರ್ ಸುರಕ್ಷಿತ ಪುಟದೊಳಗಿನ ಅಸುರಕ್ಷಿತ ಆಡಿಯೊ ಲಿಂಕನ್ನು ತಾನೇ ಎಚ್‌ಟಿಟಿಪಿಎಸ್ ಆಗಿ ಬದಲಿಸಿ ಕೇಳುತ್ತದೆ, ಅಲ್ಲಿ ಉತ್ತರ ಸಿಗದಿದ್ದರೆ ಕೈಬಿಡುತ್ತದೆ. ವಿಎಲ್‌ಸಿಗೆ ಅಂಥ ನಿರ್ಬಂಧವಿಲ್ಲ. ಪುಟದ ಮೇಲೆ ಯಾವ ದೋಷಸೂಚನೆಯೂ ಕಾಣದೆ ಮೌನವಷ್ಟೇ ಉಳಿಯುವುದರಿಂದ ಜನರು ಇದಕ್ಕಾಗಿ ಎಲ್ಲೆಲ್ಲೋ ಹುಡುಕುತ್ತಾರೆ. ಬ್ರೌಸರ್‌ನ ಡೆವಲಪರ್ ಕನ್ಸೋಲ್ ತೆರೆದರೆ ಎಚ್ಚರಿಕೆಯ ಸಾಲು ಅಲ್ಲಿಯೇ ಇರುತ್ತದೆ.

ಇದಕ್ಕೆ ನನಗೆ ಮೆಚ್ಚುಗೆಯಾಗಿರುವ ದಾರಿಯೆಂದರೆ ಅದೇ ಸರ್ವರ್‌ನಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶವನ್ನು ಪ್ರಾಕ್ಸಿಯಾಗಿ, ಅಂದರೆ ನಡುವಿನ ಮಧ್ಯವರ್ತಿಯಾಗಿ ಹಾಕಿ, ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪಡೆದು, 443ನೇ ಪೋರ್ಟ್‌ಗೆ ಬಂದ ಕೇಳುಗರನ್ನು ಒಳಗಿನ 127.0.0.1ರ 8000ಕ್ಕೆ ದಾಟಿಸುವುದು. ‘ಪ್ರಾಕ್ಸಿ_ಬಫರಿಂಗ್’ ಅನ್ನು ಆಫ್ ಮಾಡಿ, ಇಲ್ಲದಿದ್ದರೆ ಧ್ವನಿ ಎನ್‌ಜಿನ್‌ಎಕ್ಸ್‌ನಲ್ಲಿ ತಂಗಿ ತಂಗಿ ಬರುತ್ತದೆ. ಇನ್ನೊಂದು ಲಾಭವೂ ಇದೆ: ಅನೇಕ ಕಚೇರಿ, ಹಾಸ್ಟೆಲ್‌ಗಳ ನೆಟ್‌ವರ್ಕ್‌ಗಳು 8000ನೇ ಪೋರ್ಟ್ ಅನ್ನು ತಡೆಯುತ್ತವೆ, 443 ಅನ್ನು ತಡೆಯುವುದಿಲ್ಲ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ಬಟ್ ಅನ್ನು ಈ ಪ್ರಾಕ್ಸಿಯ ಮೂಲಕ ಕಳುಹಿಸಬೇಡಿ. ಒಳಬರುವ ವಿನಂತಿಯ ದೇಹ ಪೂರ್ತಿಯಾದ ಮೇಲೆಯೇ ಮುಂದೆ ಕಳುಹಿಸುವುದು ಎನ್‌ಜಿನ್‌ಎಕ್ಸ್‌ನ ಸಹಜ ಕ್ರಮ, ಮುಗಿಯದ ಪ್ರಸಾರಕ್ಕೆ ‘ಪೂರ್ತಿ’ ಎಂಬುದೇ ಇಲ್ಲ. ಮೂಲವು ನೇರವಾಗಿ ಐಸ್‌ಕಾಸ್ಟ್‌ಗೇ ಬರಲಿ. ಎರಡನೆಯದಾಗಿ, ಡೆಬಿಯನ್ ಕೊಡುವ ಎನ್‌ಜಿನ್‌ಎಕ್ಸ್ ಸಂರಚನೆಯಲ್ಲಿ ‘ವರ್ಕರ್_ಕನೆಕ್ಷನ್ಸ್’ 768 ಇರುತ್ತದೆ, ಒಬ್ಬ ಕೇಳುಗನಿಗೆ ಹೊರಗಿನದೊಂದು ಮತ್ತು ಒಳಗಿನದೊಂದು ಎಂದು ಎರಡು ಸಂಪರ್ಕ ಬೇಕು. ಅಂದರೆ ಒಂದು ವರ್ಕರ್‌ಗೆ (ಎನ್‌ಜಿನ್‌ಎಕ್ಸ್‌ನ ಒಂದು ಕೆಲಸದ ಪ್ರಕ್ರಿಯೆಗೆ) 384 ಜನರಷ್ಟೇ ಮಿತಿ, ಒಂದೇ ಸಿಪಿಯು ಇರುವ ಸರ್ವರ್‌ನಲ್ಲಿ ವರ್ಕರ್ ಸಹ ಒಂದೇ. ಮೂರನೆಯದಾಗಿ, ಪ್ರಸಾರ ನಡೆಯುತ್ತಿರುವಾಗ ಎನ್‌ಜಿನ್‌ಎಕ್ಸ್ ಸಂರಚನೆ ಬದಲಿಸಬೇಕಾದರೆ ‘ರೀಲೋಡ್’ ಮಾಡಿ, ‘ರೀಸ್ಟಾರ್ಟ್’ ಬೇಡ. ರೀಲೋಡ್‌ನಲ್ಲಿ ಹಳೆಯ ವರ್ಕರ್ ತನ್ನ ಕೇಳುಗರನ್ನು ಕೊನೆಯವರೆಗೂ ನಡೆಸಿಕೊಂಡು ಹೋಗುತ್ತದೆ, ರೀಸ್ಟಾರ್ಟ್‌ನಲ್ಲಿ ಎಲ್ಲರೂ ಬೀಳುತ್ತಾರೆ. ಪ್ರಾಕ್ಸಿ ಬಂದ ಮೇಲೆ ಐಸ್‌ಕಾಸ್ಟ್‌ನ ಲಾಗ್‌ನಲ್ಲಿ ಎಲ್ಲರ ವಿಳಾಸವೂ 127.0.0.1 ಎಂದೇ ಕಾಣುತ್ತದೆ. ನಿಜವಾದ ವಿಳಾಸ ಬೇಕಾದರೆ ಎನ್‌ಜಿನ್‌ಎಕ್ಸ್‌ನ ಲಾಗ್ ನೋಡಿ.

ಹಾಗೆಯೇ ‘ಐಸ್‌ಕಾಸ್ಟ್.ಎಕ್ಸ್‌ಎಂಎಲ್’ನಲ್ಲಿ ‘ಹೋಸ್ಟ್‌ನೇಮ್’ ಎಂಬಲ್ಲಿ ‘ಲೋಕಲ್‌ಹೋಸ್ಟ್’ ಎಂದೇ ಉಳಿದಿದೆಯೇ ನೋಡಿ. ಉಳಿದಿದ್ದರೆ ಪ್ಲೇಯರ್‌ಗೆ ಪ್ರಸಾರದ ವಿಳಾಸ ತಿಳಿಸಲು ಸರ್ವರ್ ತಯಾರಿಸಿ ಕೊಡುವ ಎಂ3ಯು ಕಡತದೊಳಗೆ ಅದೇ ವಿಳಾಸ ಹೋಗಬಹುದು. ಆಗ ಆ ಕಡತ ತೆರೆದವರ ಫೋನ್ ಪ್ರಸಾರವನ್ನು ತನ್ನೊಳಗೇ ಹುಡುಕುತ್ತದೆ.

ಅಘನಾಶಿನಿ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಲಾಗ್‌ನಲ್ಲಿ ಕುಮಾರಧಾರಾ ಅವರು ಹೇಳಿದ ಸಾಲುಗಳೇ ಇದ್ದವು. ಮೂಲ ಕಡಿದ ಪ್ರತಿ ಬಾರಿಯೂ ಮೊದಲು ‘ಮೌಂಟ್‌ಪಾಯಿಂಟ್ ಇನ್ ಯೂಸ್’ ಎಂಬ ಸಾಲುಗಳು, ನಂತರ ಟೈಮ್‌ಔಟ್‌ನ ಸಾಲು, ಆಕ್ಸೆಸ್ ಲಾಗ್‌ನಲ್ಲಿ ಅದೇ ಸೆಕೆಂಡಿಗೆ ಕೇಳುಗರೆಲ್ಲರ ನಿರ್ಗಮನ. ಎನ್‌ಜಿನ್‌ಎಕ್ಸ್ ಹಾಕಿದ ಮೇಲೆ ಜಾಲತಾಣದಲ್ಲಿ ಧ್ವನಿ ಬರುತ್ತಿದೆ.

ಫಾಲ್‌ಬ್ಯಾಕ್ ಅರ್ಧ ಮಾತ್ರ ಫಲಿಸಿದೆ. ಐಸ್‌ಕಾಸ್ಟ್‌ನ ವೆಬ್ ಕೋಶದಲ್ಲಿ ಒಂದು ಎಂಪಿ3 ಕಡತವನ್ನು ಇಟ್ಟು ಅದನ್ನೇ ಬದಲಿಯಾಗಿ ಸೂಚಿಸಿದೆವು. ಮೂಲ ಕಡಿದಾಗ ಕೇಳುಗರು ಅಲ್ಲಿಗೆ ಹೋಗುತ್ತಾರೆ, ಆದರೆ ಕೂಟ ಮರಳಿ ಆರಂಭವಾದ ಮೇಲೂ ಕೆಲವರಿಗೆ ಬಹಳ ಹೊತ್ತು ಸೂಚನೆಯ ಮಾತೇ ಕೇಳಿಸುತ್ತಿರುತ್ತದೆ, ಇನ್ನು ಕೆಲವು ಫೋನ್‌ಗಳಲ್ಲಿ ಬದಲಾವಣೆಯ ಕ್ಷಣದಲ್ಲೇ ಪ್ಲೇಯರ್ ನಿಂತುಹೋಗುತ್ತದೆ. ಕಡತವು ಫೋನಿನಲ್ಲಿ ಮುದ್ರಿಸಿ ಪರಿವರ್ತಿಸಿದ್ದು, 48 ಕಿಲೋಹರ್ಟ್ಸ್ ಮೋನೊ. ನೇರ ಪ್ರಸಾರ 44.1 ಕಿಲೋಹರ್ಟ್ಸ್ ಸ್ಟೀರಿಯೊ. ಸಂಪರ್ಕ ಸಿಗದವರ ಸಮಸ್ಯೆಯೂ ಹಾಗೆಯೇ ಇದೆ.

ಕುಮಾರಧಾರಾ

ನಿಮ್ಮ ಪ್ರಶ್ನೆಯ ಕೊನೆಯ ವಿವರದಲ್ಲೇ ಪ್ಲೇಯರ್ ನಿಲ್ಲುವುದರ ಉತ್ತರವಿದೆ. ಐಸ್‌ಕಾಸ್ಟ್ ಕೇಳುಗನನ್ನು ಒಂದು ಮೌಂಟ್‌ನಿಂದ ಇನ್ನೊಂದಕ್ಕೆ ಕೊಂಡೊಯ್ಯುವಾಗ ಸಂಪರ್ಕವನ್ನು ಮುಚ್ಚಿ ತೆರೆಯುವುದಿಲ್ಲ. ಅದೇ ಸಂಪರ್ಕದಲ್ಲಿ ಬೇರೆ ಬೈಟ್‌ಗಳನ್ನು ಹರಿಸುತ್ತದೆ. ಫೋನಿನ ಡಿಕೋಡರ್ 44.1 ಕಿಲೋಹರ್ಟ್ಸ್ ಸ್ಟೀರಿಯೊಗೆ ಸಿದ್ಧವಾಗಿ ಕುಳಿತಿರುವಾಗ ನಡುವೆ 48 ಕಿಲೋಹರ್ಟ್ಸ್ ಮೋನೊ ಬಂದರೆ ಕೆಲವು ತಂತ್ರಾಂಶಗಳು ಹೊಂದಿಕೊಳ್ಳುತ್ತವೆ, ಕೆಲವು ಕೈಚೆಲ್ಲುತ್ತವೆ. ಆದ್ದರಿಂದ ಕೋಡೆಕ್, ಸ್ಯಾಂಪಲ್ ದರ, ಚಾನೆಲ್‌ಗಳ ಸಂಖ್ಯೆ ಮತ್ತು ಬಿಟ್‌ರೇಟ್ ನಾಲ್ಕೂ ಎರಡು ಮೌಂಟ್‌ಗಳಲ್ಲಿ ಒಂದೇ ಆಗಿರಬೇಕು. ಸೂಚನೆಯ ಕಡತವನ್ನು ಬಟ್‌ನಿಂದಲೇ, ಕೂಟಕ್ಕೆ ಬಳಸುವ ಅದೇ ಹೊಂದಿಕೆಯಲ್ಲಿ ಮುದ್ರಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಹಳೆಯ ಮಾತೇ ಬಹಳ ಹೊತ್ತು ಕೇಳಿಸುವುದಕ್ಕೆ ಕಾರಣ ಬೇರೆ. ಬದಲಿಯಾಗಿ ಬರಿಯ ಕಡತ ಕೊಟ್ಟಾಗ ಐಸ್‌ಕಾಸ್ಟ್ ಅದನ್ನು ನುಡಿಯುವ ವೇಗಕ್ಕೆ ತಕ್ಕಂತೆ ಅಳೆದು ಕೊಡುವುದಿಲ್ಲ ಎಂದು ಅದರ ಕೈಪಿಡಿಯಲ್ಲೇ ಇದೆ. ಪ್ಲೇಯರ್ ಎಷ್ಟು ಬೇಗ ಎಳೆದುಕೊಳ್ಳಬಲ್ಲದೋ ಅಷ್ಟನ್ನು ತನ್ನ ಬಫರ್‌ಗೆ ತುಂಬಿಕೊಳ್ಳುತ್ತದೆ, ಕೂಟ ಮರಳಿದ ಮೇಲೂ ಆ ತುಂಬಿಕೊಂಡದ್ದು ಮುಗಿಯಬೇಕು. ಇದನ್ನು ತಪ್ಪಿಸಲು ಬದಲಿ ಮೌಂಟ್‌ಗೂ ಒಂದು ನಿಜವಾದ ಮೂಲವನ್ನೇ ಕೊಡಿ: ಸರ್ವರ್‌ನೊಳಗೆ ಎಫ್‌ಎಫ್‌ಎಂಪೆಗ್ ಎಂಬ ಧ್ವನಿ-ವಿಡಿಯೊ ತಂತ್ರಾಂಶವನ್ನು ಓಡಿಸಿ, ‘-ಸ್ಟ್ರೀಮ್_ಲೂಪ್ -1’ ಎಂಬ ಆಯ್ಕೆಯಿಂದ ಕಡತ ಮತ್ತೆ ಮತ್ತೆ ನುಡಿಯುವಂತೆ ಮಾಡಿ, ‘-ಆರ್‌ಇ’ ಆಯ್ಕೆಯಿಂದ ಅದು ನೈಜ ವೇಗದಲ್ಲಷ್ಟೇ ಹರಿಯುವಂತೆ ಮಾಡಿ, ಮರು ಎನ್‌ಕೋಡ್ ಮಾಡದೆ ಐಸ್‌ಕಾಸ್ಟ್‌ನ ‘/ವಿರಾಮ’ ಮೌಂಟ್‌ಗೆ ಕಳುಹಿಸಿ. ಅದನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ, ‘ರೀಸ್ಟಾರ್ಟ್=ಆಲ್ವೇಸ್’ ಎಂಬ ಸಾಲಿನೊಡನೆ ಬರೆದಿಟ್ಟರೆ ನಿಂತರೂ ತಾನಾಗಿ ಮತ್ತೆ ಆರಂಭವಾಗುತ್ತದೆ. ಮೌಂಟ್‌ನ ಹೆಸರನ್ನು ಸಂರಚನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ.

ಇನ್ನು ಸಂಪರ್ಕ ಸಿಗದವರ ವಿಷಯ. ‘ಲಿಮಿಟ್ಸ್’ ವಿಭಾಗದಲ್ಲಿ ‘ಕ್ಲೈಂಟ್ಸ್’ 100 ಎಂದೂ, ‘ಸೋರ್ಸಸ್’ 2 ಎಂದೂ ಇರುತ್ತದೆ. ಕ್ಲೈಂಟ್ ಎಂದರೆ ಕೇಳುಗ ಮಾತ್ರವಲ್ಲ, ಸ್ಥಿತಿಯ ಪುಟ ನೋಡುವವರೂ ಆ ಲೆಕ್ಕದಲ್ಲಿ ಸೇರುತ್ತಾರೆ. ನಿಮ್ಮಲ್ಲಿ ಜನ ನೂರರ ಹತ್ತಿರ ಬಂದಾಗಲೇ ಬಾಗಿಲು ಮುಚ್ಚಿದೆ. ಅದನ್ನು 350 ಮಾಡಿ. ಸೋರ್ಸಸ್ ಅನ್ನು 4 ಮಾಡಿ, ಏಕೆಂದರೆ ವಿರಾಮದ್ದೊಂದು, ಕೂಟದ್ದೊಂದು ಆದ ಮೇಲೆ ಪರೀಕ್ಷೆಗೆಂದು ಮೂರನೆಯದನ್ನು ಸೇರಿಸಲೂ ಆಗದ ಸ್ಥಿತಿ ಇರಬಾರದು. ಸಾವಿರದ ಆಚೆಗೆ ಹೋಗುವ ದಿನ ಬಂದರೆ ಆ ಪ್ರಕ್ರಿಯೆ ತೆರೆಯಬಹುದಾದ ಕಡತಗಳ ಮಿತಿಯನ್ನೂ ಹೆಚ್ಚಿಸಬೇಕು, ಅದು ಸಾಮಾನ್ಯವಾಗಿ 1024 ಇರುತ್ತದೆ.

ಮಿತಿ ಏರಿಸುವ ಮೊದಲು ಬಾಡಿಗೆಯ ಲೆಕ್ಕ ಹಾಕಿ. 128 ಕೆಬಿಪಿಎಸ್ ಎಂದರೆ ಒಬ್ಬ ಕೇಳುಗನಿಗೆ ಗಂಟೆಗೆ 57.6 ಎಂಬಿ. ಮುನ್ನೂರು ಜನ 5 ಗಂಟೆಯ ಕೂಟವನ್ನು ಪೂರ್ತಿ ಕೇಳಿದರೆ 86.4 ಜಿಬಿ, ಆ ಹೊತ್ತಿನಲ್ಲಿ ಸರ್ವರ್‌ನಿಂದ ಸತತವಾಗಿ 38.4 ಎಂಬಿಪಿಎಸ್ ಹೊರಹೋಗುತ್ತಿರಬೇಕು. 64 ಕೆಬಿಪಿಎಸ್ ಮಾಡಿದರೆ ಎಲ್ಲವೂ ಅರ್ಧವಾಗುತ್ತದೆ, ಕೇಳುಗರ ಮೊಬೈಲ್ ಡೇಟಾವೂ ಅರ್ಧವಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಊರಿನಿಂದ ಮೇಲೆ ಹತ್ತಬೇಕಾದ ಹೊರೆಯೂ ಅರ್ಧವಾಗುತ್ತದೆ.

ಬಿಡ್ತಿಗೆ

ಧ್ವನಿಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಕೂಟಗಳಿಗೆ ಮೈಕ್ ಸೆಟ್ ಒಯ್ಯುವುದು ನನ್ನ ಕೆಲಸ. ತಾಳಮದ್ದಳೆಗೆ ಸ್ಟೀರಿಯೊ ಬೇಕಾಗಿಯೇ ಇಲ್ಲ. ಮಿಕ್ಸರ್‌ನಿಂದ ಬರುವುದು ಹೆಚ್ಚಾಗಿ ಎರಡೂ ಬದಿಯಲ್ಲಿ ಒಂದೇ ಧ್ವನಿ. ಅದಕ್ಕೆ 128 ಕೊಡುವ ಬದಲು ಮೋನೊ ಮಾಡಿ 64 ಕೊಟ್ಟರೆ ಮಾತಿನ ಸ್ಪಷ್ಟತೆ ಕಡಿಮೆಯಾಗುವುದಿಲ್ಲ. ಯುದ್ಧದ ಪದಗಳಲ್ಲಿ ಚಂಡೆ ಬಂದಾಗ 64ರಲ್ಲಿ ಸ್ವಲ್ಪ ಒರಟು ಕೇಳಿಸುತ್ತದೆಂದು ಅನ್ನಿಸಿದರೆ 80 ಇಡಿ. ಓಪಸ್ ಕೋಡೆಕ್ ಇದಕ್ಕಿಂತ ಕಡಿಮೆ ಬಿಟ್‌ರೇಟ್‌ನಲ್ಲಿ ಇನ್ನೂ ಚೆನ್ನಾಗಿ ನುಡಿಯುತ್ತದೆ ಎಂಬುದು ನಿಜ, ಆದರೆ ನಿಮ್ಮ ಕೇಳುಗರಲ್ಲಿ ಹಳೆಯ ಐಫೋನ್ ಇಟ್ಟುಕೊಂಡವರೂ ಇರುತ್ತಾರೆ, ಅವುಗಳ ಬ್ರೌಸರ್‌ನಲ್ಲಿ ಓಗ್ ರೂಪದ ಓಪಸ್ ಪ್ರಸಾರ ನುಡಿಯುವುದಿಲ್ಲ. ಎಂಪಿ3 ಎಲ್ಲ ಕಡೆಯೂ ನುಡಿಯುತ್ತದೆ.

ಬಿಟ್‌ರೇಟ್‌ಗಿಂತ ಹೆಚ್ಚು ಹಾನಿ ಮಾಡುವುದು ಮಟ್ಟದ ತಪ್ಪು. ಮಿಕ್ಸರ್‌ನ ಲೈನ್ ಔಟ್ ಅನ್ನು ಲ್ಯಾಪ್‌ಟಾಪ್‌ನ ಮೈಕ್ ರಂಧ್ರಕ್ಕೆ ನೇರವಾಗಿ ಕೊಟ್ಟರೆ ಅದು ತಾಳಲಾರದಷ್ಟು ಜೋರಾಗಿರುತ್ತದೆ, ತಲೆ ಕತ್ತರಿಸಿದಂಥ ಧ್ವನಿ ಬರುತ್ತದೆ, ಅದನ್ನು ಸರ್ವರ್‌ನಲ್ಲಿ ಯಾರೂ ಸರಿಪಡಿಸಲಾಗುವುದಿಲ್ಲ. ಲೈನ್ ಇನ್‌ಪುಟ್ ಇರುವ ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳಿ. ಅರ್ಥಧಾರಿಗಳು ಶೋಕರಸದಲ್ಲಿ ಪಿಸುಗುಟ್ಟುವ ಹಾಗೆ ಮಾತಾಡಿ ಮರುಗಳಿಗೆಯಲ್ಲಿ ವೀರಾವೇಶಕ್ಕೆ ಏರುತ್ತಾರೆ. ಈ ಅಂತರವೇ ತಾಳಮದ್ದಳೆಯ ಜೀವ, ಅದನ್ನು ಪೂರ್ತಿ ಸಮಮಾಡಬಾರದು. ಸಾಮಾನ್ಯ ಮಾತು ಬಟ್‌ನ ಮೀಟರ್‌ನಲ್ಲಿ ಮೈನಸ್ 18 ಡೆಸಿಬೆಲ್ ಸುಮಾರಿಗೆ ಇರಲಿ, ಚಂಡೆಯ ಪೆಟ್ಟು ಮೈನಸ್ 3 ದಾಟದಂತೆ ಲಿಮಿಟರ್ ಇರಲಿ, ನಡುವೆ ಹಗುರವಾದ ಕಂಪ್ರೆಸರ್ ಸಾಕು. ಬಟ್‌ನಲ್ಲೇ ಕಂಪ್ರೆಸರ್ ಇದೆ.

ಇನ್ನೊಂದನ್ನು ತಪ್ಪದೇ ಮಾಡಿ. ಬಟ್ ಪ್ರಸಾರದ ಜೊತೆಗೇ ಲ್ಯಾಪ್‌ಟಾಪ್‌ನ ಡಿಸ್ಕ್‌ಗೂ ಮುದ್ರಿಸಿಕೊಳ್ಳಬಲ್ಲದು, ಪ್ರಸಾರದ ಬಿಟ್‌ರೇಟ್ ಏನೇ ಇದ್ದರೂ ಮುದ್ರಣಕ್ಕೆ ಬೇರೆಯದನ್ನು ಆರಿಸಬಹುದು. ನೆಟ್‌ವರ್ಕ್ ಎಷ್ಟು ಸಲ ಹೋದರೂ ಆ ಮುದ್ರಣ ಅಖಂಡವಾಗಿರುತ್ತದೆ. ಹಿರಿಯ ಅರ್ಥಧಾರಿಗಳ ಒಂದೊಂದು ಮಾತೂ ಮತ್ತೆ ಸಿಗುವಂಥದ್ದಲ್ಲ. ಮುದ್ರಿಸುವ ಮತ್ತು ಪ್ರಸಾರ ಮಾಡುವ ವಿಷಯವನ್ನು ಕಲಾವಿದರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ತುಂಗಾತೀರ

‘ಸೋರ್ಸ್-ಟೈಮ್‌ಔಟ್’ ಅನ್ನು ಏನು ಮಾಡಬೇಕೆಂದು ಯಾರೂ ಸ್ಪಷ್ಟವಾಗಿ ಹೇಳಿಲ್ಲ, ಅಘನಾಶಿನಿ ಅವರಿಗೆ ಅದು ಬೇಕಾಗುತ್ತದೆ. ಈಗಿರುವ ವ್ಯವಸ್ಥೆಯಲ್ಲಿ ಅದನ್ನು ಇಳಿಸಿ 5 ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಸತ್ತ ಸಂಪರ್ಕ ಬೇಗ ತೆರವಾಗುತ್ತದೆ, ಬಟ್‌ನ ಹೊಸ ಸಂಪರ್ಕಕ್ಕೆ ಬೇಗ ಜಾಗ ಸಿಗುತ್ತದೆ, ಕೇಳುಗರು ತಮ್ಮ ಬಫರ್ ಬರಿದಾಗುವ ಮೊದಲೇ ವಿರಾಮದ ಮೌಂಟ್‌ಗೆ ಹೋಗುತ್ತಾರೆ. ಐಸ್‌ಕಾಸ್ಟ್ ಹೊಸ ಕೇಳುಗನಿಗೆ ಮೊದಲಿಗೇ 65,535 ಬೈಟ್‌ಗಳನ್ನು ಒಮ್ಮೆಲೇ ಕೊಡುತ್ತದೆ. 128 ಕೆಬಿಪಿಎಸ್‌ನಲ್ಲಿ ಅದು 4 ಸೆಕೆಂಡಿನ ಧ್ವನಿ, 64ರಲ್ಲಿ 8 ಸೆಕೆಂಡಿನದು. ಬಿಟ್‌ರೇಟ್ ಇಳಿಸಿದ್ದರಿಂದ ಕೇಳುಗರ ಕೈಯಲ್ಲಿರುವ ಉಳಿತಾಯವೂ ಇಮ್ಮಡಿಯಾಯಿತು. ನೇರ ಪ್ರಸಾರ ಕೆಲವು ಸೆಕೆಂಡ್ ತಡವಾಗಿ ಕೇಳಿಸಿದರೆ ತಾಳಮದ್ದಳೆಗೆ ಯಾವ ನಷ್ಟವೂ ಇಲ್ಲ, ಆದ್ದರಿಂದ ಮೊದಲಿಗೇ ಕೊಡುವ ಈ ಬೈಟ್‌ಗಳ ಪ್ರಮಾಣವನ್ನು, ಅಂದರೆ ಬರ್ಸ್ಟ್ ಗಾತ್ರವನ್ನು, ಇಳಿಸುವ ಸಲಹೆ ಎಲ್ಲಿಯಾದರೂ ಕಂಡರೆ ಅನುಸರಿಸಬೇಡಿ.

ಕುಮಾರಧಾರಾ

ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ‘ಸೋರ್ಸ್-ಟೈಮ್‌ಔಟ್’ ಇಳಿಸುವುದು ತಾತ್ಕಾಲಿಕವಾಗಿ ಸರಿ, ಆದರೆ ಬ್ರಾಡ್‌ಬ್ಯಾಂಡ್‌ನಿಂದ ಹಾಟ್‌ಸ್ಪಾಟ್‌ಗೆ ಬದಲಾಯಿಸುವಾಗ ಲ್ಯಾಪ್‌ಟಾಪ್‌ನ ವಿಳಾಸವೇ ಬದಲಾಗುತ್ತದೆ, ಹಳೆಯ ಸಂಪರ್ಕ ಖಂಡಿತ ಸಾಯುತ್ತದೆ. ಸಂಪರ್ಕ ಸಾಯದಂತೆಯೇ ಮಾಡುವ ದಾರಿ ಇದೆ. ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದಿಂದ ಗೂಢಲಿಪಿಯ ಸುರಂಗ ಹಾಕಿ, ಬಟ್‌ಗೆ ಸರ್ವರ್‌ನ ಸಾರ್ವಜನಿಕ ವಿಳಾಸದ ಬದಲು ಸುರಂಗದೊಳಗಿನ ವಿಳಾಸವನ್ನು ಕೊಡಿ. ವೈರ್‌ಗಾರ್ಡ್ ಎರಡು ತುದಿಗಳನ್ನು ಗುರುತಿಸುವುದು ಕೀಲಿಗಳಿಂದ, ಐಪಿ ವಿಳಾಸದಿಂದಲ್ಲ. ಲ್ಯಾಪ್‌ಟಾಪ್ ಬೇರೆ ನೆಟ್‌ವರ್ಕ್‌ಗೆ ಹೋಗಿ ಅಲ್ಲಿಂದ ಒಂದು ಪ್ಯಾಕೆಟ್ ಕಳುಹಿಸಿದರೂ ಸರ್ವರ್ ಹೊಸ ವಿಳಾಸಕ್ಕೆ ಹೊಂದಿಕೊಳ್ಳುತ್ತದೆ. ಒಳಗಿನ ಟಿಸಿಪಿ ಸಂಪರ್ಕಕ್ಕೆ ಹೊರಗೆ ದಾರಿ ಬದಲಾದದ್ದೇ ತಿಳಿಯುವುದಿಲ್ಲ, ಅದು ಸ್ವಲ್ಪ ತಡೆದು, ತಲುಪದ ಬೈಟ್‌ಗಳನ್ನು ಮತ್ತೆ ಕಳುಹಿಸಿ, ಮುಂದುವರಿಯುತ್ತದೆ. ಈ ವ್ಯವಸ್ಥೆಯಲ್ಲಿ ‘ಸೋರ್ಸ್-ಟೈಮ್‌ಔಟ್’ ಅನ್ನು ಇಳಿಸುವ ಬದಲು 30ಕ್ಕೆ ಏರಿಸಬೇಕು, ಇಲ್ಲದಿದ್ದರೆ ಸುರಂಗ ಬದುಕಿದ್ದರೂ ಐಸ್‌ಕಾಸ್ಟ್ ಅವಸರದಲ್ಲಿ ಕಡಿದುಹಾಕುತ್ತದೆ.

ಭದ್ರತೆಯ ದೃಷ್ಟಿಯಿಂದಲೂ ಇದೇ ಸರಿ. ಬರಿಯ ಎಚ್‌ಟಿಟಿಪಿಯಲ್ಲಿ ಬಟ್ ಕಳುಹಿಸುವ ಗುಪ್ತಪದ ಬೇಸ್64 ರೂಪದಲ್ಲಿ ಹೋಗುತ್ತದೆ, ಅದು ಗೂಢಲಿಪಿಯಲ್ಲ, ನಡುವೆ ಕುಳಿತವರು ಯಾರು ಬೇಕಾದರೂ ಓದಬಹುದು. ಸುರಂಗ ಬಂದ ಮೇಲೆ ಹೊರಜಗತ್ತಿಗೆ 8000ನೇ ಪೋರ್ಟ್ ತೆರೆದಿಡುವ ಅಗತ್ಯವೇ ಇಲ್ಲ. ಫೈರ್‌ವಾಲ್‌ನಲ್ಲಿ ಅದನ್ನು ಸುರಂಗದ ಇಂಟರ್‌ಫೇಸ್‌ಗೆ ಮಾತ್ರ ಬಿಡಿ, ಹೊರಗೆ 443 ಮತ್ತು ವೈರ್‌ಗಾರ್ಡ್‌ನ ಯುಡಿಪಿ 51820 ತೆರೆದಿರಲಿ. ಇವನ್ನು ಸರ್ವರ್‌ನೊಳಗಿನ ಫೈರ್‌ವಾಲ್ ಸಾಧನವಾದ ಯುಎಫ್‌ಡಬ್ಲ್ಯೂನಲ್ಲೂ, ಕ್ಲೌಡ್ ಕಂಪನಿಯ ನಿಯಂತ್ರಣ ಪುಟದ ಫೈರ್‌ವಾಲ್‌ನಲ್ಲೂ ಎರಡೂ ಕಡೆ ಬರೆಯಬೇಕು. ಐಸ್‌ಕಾಸ್ಟ್‌ನ ‘ಬೈಂಡ್-ಅಡ್ರೆಸ್’ ಸಾಲಿಗೆ ಕೈ ಹಾಕಬೇಡಿ. ಅಲ್ಲಿ ಸುರಂಗದ ವಿಳಾಸ ಬರೆದರೆ, ಸರ್ವರ್ ಮರುಚಾಲನೆಯಾದಾಗ ಸುರಂಗಕ್ಕಿಂತ ಮೊದಲು ಐಸ್‌ಕಾಸ್ಟ್ ಎದ್ದು, ಆ ವಿಳಾಸವೇ ಇಲ್ಲವೆಂದು ನಿಂತುಬಿಡಬಹುದು.

ಅಘನಾಶಿನಿ

ವೈರ್‌ಗಾರ್ಡ್ ಹಾಕಿ, 64 ಕೆಬಿಪಿಎಸ್ ಮೋನೊ ಮಾಡಿ, ವಿರಾಮದ ಮೌಂಟ್‌ಗೆ ಎಫ್‌ಎಫ್‌ಎಂಪೆಗ್ ಸೇವೆ ಬರೆದು ಶನಿವಾರದ ಕೂಟಕ್ಕೆ ಬಳಸಿದೆವು. ಮಳೆಗೆ ವಿದ್ಯುತ್ ಹೋಗಿ ಬ್ರಾಡ್‌ಬ್ಯಾಂಡ್ ನಿಂತಾಗ ಹಾಟ್‌ಸ್ಪಾಟ್‌ಗೆ ಬದಲಾಯಿಸಿದೆವು. ಬಟ್ ‘ಸಂಪರ್ಕದಲ್ಲಿದೆ’ ಎಂದೇ ತೋರಿಸುತ್ತಿತ್ತು, ಕೇಳುಗರಿಗೆ ಸ್ವಲ್ಪ ಹೊತ್ತು ಮೌನವಾಗಿ ಪದ ಮುಂದುವರಿಯಿತಂತೆ, ಲಾಗ್‌ನಲ್ಲಿ ಯಾರೂ ಹೊರಬಿದ್ದ ಗುರುತಿಲ್ಲ. ಹಾಟ್‌ಸ್ಪಾಟ್‌ನ ಸಿಗ್ನಲ್ ಪೂರ್ತಿ ಹೋದ ಒಂದು ಸಂದರ್ಭದಲ್ಲಿ ಮಾತ್ರ ವಿರಾಮದ ಮಾತು ಕೇಳಿಸಿತು, ಮರಳಿ ಬರುವಾಗಲೂ ಪ್ಲೇಯರ್‌ಗಳು ನಿಲ್ಲಲಿಲ್ಲ. ಬಿಡ್ತಿಗೆ ಅವರು ಹೇಳಿದ ಹಾಗೆ ಯುಎಸ್‌ಬಿ ಇಂಟರ್‌ಫೇಸ್ ತರಿಸಿದ್ದೇವೆ, ಧ್ವನಿಯಲ್ಲಿ ಬಹಳ ವ್ಯತ್ಯಾಸ ಕಾಣುತ್ತಿದೆ.

ಒಂದು ಸಣ್ಣ ಸಂಶಯ ಉಳಿದಿದೆ. ಕೂಟ ಇಲ್ಲದ ದಿನಗಳಲ್ಲಿ ವಿರಾಮದ ಮೌಂಟ್ ಹಾಗೆಯೇ ಓಡುತ್ತಿರಬೇಕೇ?

ಕುಮಾರಧಾರಾ

ಬೇಡ. ಯಾರಾದರೂ ಪುಟವನ್ನು ತೆರೆದಿಟ್ಟು ಮರೆತರೆ ಅವರಿಗೂ ನಿಮಗೂ ಡೇಟಾ ವ್ಯರ್ಥ, 64 ಕೆಬಿಪಿಎಸ್‌ನಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 690 ಎಂಬಿ ಆಗುತ್ತದೆ. ಕೂಟ ಮುಗಿದ ಮೇಲೆ ಬಟ್ ನಿಲ್ಲಿಸಿ, ಮಂಗಳದ ನಂತರ ಸ್ವಲ್ಪ ಹೊತ್ತು ಬಿಟ್ಟು ಎಫ್‌ಎಫ್‌ಎಂಪೆಗ್ ಸೇವೆಯನ್ನೂ ನಿಲ್ಲಿಸಿ. ಬದಲಿ ಮೌಂಟ್ ಇಲ್ಲವಾದೊಡನೆ ಐಸ್‌ಕಾಸ್ಟ್ ಉಳಿದ ಕೇಳುಗರನ್ನು ತಾನೇ ಬೀಳ್ಕೊಡುತ್ತದೆ. ಮುಂದಿನ ಕೂಟದ ದಿನ ವಿರಾಮದ ಸೇವೆಯನ್ನು ಬಟ್‌ಗಿಂತ ಮೊದಲು ಆರಂಭಿಸಿದರೆ ಬೇಗ ಬಂದವರಿಗೆ ‘ಕೂಟ ಇನ್ನೇನು ಆರಂಭವಾಗಲಿದೆ’ ಎಂಬ ಸೂಚನೆ ಕೇಳಿಸುತ್ತದೆ, ಅದಕ್ಕೆ ಬೇರೊಂದು ಕಡತವನ್ನು ಅದೇ ಹೊಂದಿಕೆಯಲ್ಲಿ ಮುದ್ರಿಸಿಟ್ಟುಕೊಳ್ಳಿ.